ಬಸ್ಸಿಗೊಂದು ಹೊಸ್ತಿಲು

ನನ್ನ ಮದುವೆಯಾದದ್ದು ತುರ್ತುಪರಿಸ್ಥಿತಿ ಮುಗಿದ ಮಾರನೆಯ ವರ್ಷ. ಗಂಡು ಮಧುಗಿರಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಾನೆ, ಕೈಯಲ್ಲಿ ಕಸುಬಿದೆ, ಬೀಡಿ ಕೂಡ ಸೇದುವುದಿಲ್ಲ ಎಂದು ಯಾರೋ ನಮ್ಮಪ್ಪನಿಗೆ ಹೇಳಿದ್ದರು. ಮೂರೂ ನಿಜವಾಗಿತ್ತು. ಗಂಡಿಗೆ ಬಾಡಿಗೆ ಮನೆಯೆಂದರೆ ಮೈ ಉರಿಯುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅದನ್ನು ನಾನೇ ಹೋಗಿ ತಿಳಿದುಕೊಳ್ಳಬೇಕಾಯಿತು.

ಆಗ ಅವರಿದ್ದದ್ದು ಮಧುಗಿರಿ ಕೋಟೆ ಬೀದಿಯ ಹಿಂದಿನ ಒಂದು ಮನೆಯ ಅರ್ಧಭಾಗದಲ್ಲಿ. ಮನೆ ಮಾಲೀಕರು ನಿವೃತ್ತ ಶಿರಸ್ತೇದಾರರು. ಅವರು ಎಂದೂ ಗದರಿದವರಲ್ಲ. ಬಾಗಿಲಿಗೆ ಬಂದು ಮೆಲ್ಲಗೆ ಕೆಮ್ಮಿ, "ಗೋಡೆಗೆ ಮೊಳೆ ಹೊಡೆದ ಹಾಗೆ ಕೇಳಿಸ್ತು, ನನ್ನ ಕಿವಿ ದೋಷ ಇರಬೇಕು ಬಿಡಿ" ಎನ್ನುವರು. ಕತ್ತಲಾದ ಮೇಲೆ ರುಬ್ಬಬಾರದು, ಬಾವಿಯ ರಾಟೆ ಕಿರುಗುಟ್ಟಬಾರದು, ನೆಂಟರು ಬಂದರೆ ಯಾವ ಊರಿನವರು, ಯಾವ ಕೆಲಸಕ್ಕೆ ಬಂದರು ಎಂದು ತಿಳಿಸಬೇಕು. ನನ್ನ ಗಂಡ ಮೋಟಾರಿನ ತಾಮ್ರದ ತಂತಿ ಸುತ್ತಿ ವಾರ್ನಿಷ್ ಹಚ್ಚಿದರೆ ಆ ವಾಸನೆಗೆ ಅವರ ಹೆಂಡತಿಗೆ ತಲೆಸುತ್ತು ಬರುತ್ತಿತ್ತು. ತಲೆಸುತ್ತು ಬಂದಿದೆ ಎಂದು ಹೇಳಲು ಆಕೆ ತಾವೇ ನಡೆದುಕೊಂಡು ಬರುತ್ತಿದ್ದರು.

ಮದುವೆಯಾಗಿ ಕೆಲವೇ ತಿಂಗಳಿಗೆ ನನ್ನ ಗಂಡ ತುಮಕೂರಿಗೆ ಹೋಗಿ ಎರಡು ದಿನ ಬರಲಿಲ್ಲ. ಮೂರನೆಯ ದಿನ ಬೀದಿಯ ಕೊನೆಯಲ್ಲಿ ಏನೋ ಗುಡುಗಿದ ಹಾಗಾಯಿತು. ಅವರು ಒಳಗೆ ಬಂದು ನೀರು ಕುಡಿದು, "ಮನೆ ತಂದಿವ್ನಿ, ಬಾ ನೋಡು" ಎಂದರು.

ಹೊರಗೆ ನಿಂತಿದ್ದದ್ದು ಹರಾಜಿನಲ್ಲಿ ಕೊಂಡ ಹಳೆಯ ಸರ್ವೀಸ್ ಬಸ್ಸು. ಅದರ ಹಣೆಯ ಮೇಲೆ ಪಾವಗಡ, ಮಧುಗಿರಿ, ಕೊರಟಗೆರೆ ಎಂದು ಬರೆದದ್ದು ಅಳಿಸಿರಲಿಲ್ಲ. ಬೀದಿಯ ಜನವೆಲ್ಲ ಸುತ್ತ ನೆರೆದಿದ್ದರು. ಶಿರಸ್ತೇದಾರರು ಮಾತ್ರ ಕಿಟಕಿಯಿಂದಲೇ ನೋಡಿದರು.

"ಇದರೊಳಗೆ ಇರೋದಾ?" ಎಂದೆ.

"ಇನ್ನೇನು, ಹಿಂದೆ ಓಡೋದಾ? ಮೋಟಾರು ಎಲ್ಲಿ ಸುಟ್ಟೈತೋ ಅಲ್ಲಿಗೆ ಮನೇನೇ ಹೋಗ್ತೈತೆ. ಇನ್ಮೇಲೆ ಯಾವನ ಹಂಗೂ ಇಲ್ಲ ಕಣೆ."

ಮುಂದಿನ ಒಂದು ಕಿಟಕಿ ಸೀಟು ಬಿಟ್ಟು ಉಳಿದ ಸೀಟುಗಳನ್ನು ಕಿತ್ತು ಹಿಂಭಾಗದಲ್ಲಿ ರಿಪೇರಿಯ ಸಾಮಾನು, ನಡುವೆ ಹಲಗೆಯ ಮಂಚ, ಡ್ರೈವರ್ ಸೀಟಿನ ಬೆನ್ನಿಗೆ ಅಡುಗೆಮನೆ ಮಾಡಿದರು. ಗೋಡೆಯ ಮೇಲಿದ್ದ ಸೂಚನೆಗಳನ್ನು ಅಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಹಾಗಾಗಿ ನಾನು ಎಷ್ಟೋ ವರ್ಷ 'ಧೂಮಪಾನ ನಿಷೇಧಿಸಲಾಗಿದೆ' ಎಂಬುದರ ಕೆಳಗೆ ಸೀಮೆಎಣ್ಣೆ ಸ್ಟೌವಿನ ಹೊಗೆಯಲ್ಲಿ ಅಡುಗೆ ಮಾಡಿದೆ. ನಾವು ಮಲಗುತ್ತಿದ್ದ ಕಡೆ 'ಮಹಿಳೆಯರಿಗೆ ಮಾತ್ರ' ಎಂದಿತ್ತು. ಗಾಡಿ ಓಡುವಾಗ ನಾನು ಏನಾದರೂ ದೂರು ಹೇಳಿದರೆ ನನ್ನ ಗಂಡ ತಿರುಗಿಯೂ ನೋಡದೆ ಒಂದು ಬೆರಳೆತ್ತಿ ತೋರಿಸುವರು. ಬೆರಳು ತೋರಿಸಿದ ಕಡೆ 'ಚಾಲಕರೊಡನೆ ಮಾತನಾಡಬೇಡಿ' ಎಂದಿತ್ತು. ಬಚ್ಚಲಿಗೆ ಬಸ್ಸಿನ ಹಿಂದೆ ತಾಡಪಾಲು ಕಟ್ಟುತ್ತಿದ್ದೆವು. ಉಳಿದದ್ದಕ್ಕೆ ಆಗ ಊರಿಗೆ ಊರೇ ಬಯಲಿಗೆ ಹೋಗುತ್ತಿದ್ದುದರಿಂದ, ಆ ಒಂದು ವಿಷಯದಲ್ಲಿ ನಾವು ಯಾವ ಮನೆವಂತರಿಗೂ ಕಡಿಮೆಯಿರಲಿಲ್ಲ.

ಯಾರ ಹಂಗೂ ಇಲ್ಲವೆಂಬುದು ಎಷ್ಟು ನಿಜ ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ಬಸ್ಸು ನಮ್ಮದಾದರೂ ಅದು ನಿಲ್ಲುವ ನೆಲ ಇನ್ನೊಬ್ಬರದು. ಕೊರಟಗೆರೆಯ ಹತ್ತಿರ ಒಬ್ಬ ತೋಟದ ಯಜಮಾನರು ತಾವಾಗಿಯೇ ಕರೆದು ಮಾವಿನ ಮರದ ಕೆಳಗೆ ನಿಲ್ಲಿಸಿಕೊಳ್ಳಿ ಎಂದರು. ಮಾರನೆಯ ಬೆಳಿಗ್ಗೆ ಬಂದು ಬಟ್ಟೆ ಒಣಹಾಕುವ ಹಗ್ಗ ಪೂರ್ವಕ್ಕೆ ಬೇಡ ಎಂದರು. ಅದರ ಮಾರನೆಯ ದಿನ ಮುಸುರೆ ನೀರು ಆ ಬುಡಕ್ಕೆ ಬೇಡ, ಈ ಬುಡಕ್ಕೆ ಹಾಕಿ ಎಂದರು. ಆಮೇಲೆ ದಿನಾ ಬಂದು ಮುಂದಿನ ಸೀಟಿನಲ್ಲಿ ಕೂತು ಕಾಫಿ ಕುಡಿಯುತ್ತ, ನನ್ನ ಗಂಡ ಹೇಗೆ ಬಾಳಬೇಕೆಂದು ತಿಳಿಸತೊಡಗಿದರು. ಶಿರಾದಲ್ಲಿ ಜಾಗ ಕೊಟ್ಟ ಕಡಲೇಕಾಯಿ ವ್ಯಾಪಾರಿಯದು ಒಂದೇ ಷರತ್ತು. ಬಸ್ಸಿನ ಮೂತಿ ತಮ್ಮ ಮಂಡಿಯ ಬಾಗಿಲಿಗೆ ಎದುರಾಗಬಾರದು, ಲಕ್ಷ್ಮಿ ಬೆದರುತ್ತಾಳೆ. ಪಾವಗಡದಲ್ಲಿ ಒಂದು ಬೋಳು ಬಂಡೆಯ ಪಕ್ಕ ನಿಲ್ಲಿಸಿದೆವು. ಅಲ್ಲಿ ಹುಲ್ಲೂ ಇರಲಿಲ್ಲ, ಹಕ್ಕುದಾರರೂ ಇರಲಿಲ್ಲ. ನಾವು ಒಲೆ ಹಚ್ಚಿದ ಸಂಜೆಯೇ ಇಬ್ಬರು ಮಾಲೀಕರು ಹುಟ್ಟಿಕೊಂಡರು. ಬಂಡೆ ನಂದು, ನಾದಿ ಎಂದು ಕನ್ನಡ ತೆಲುಗು ಬೆರೆಸಿ ಒಬ್ಬರನ್ನೊಬ್ಬರು ಚೆನ್ನಾಗಿ ಬೈದುಕೊಂಡು, ನಾವು ಅಲ್ಲಿಂದ ಹೊರಡಬೇಕು ಎಂಬ ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದರು.

ಒಬ್ಬ ಶಿರಸ್ತೇದಾರರಿಂದ ಓಡಿಬಂದವರಿಗೆ ನಾಲ್ಕು ತಾಲ್ಲೂಕಿನಲ್ಲೂ ಶಿರಸ್ತೇದಾರರು ಸಿಕ್ಕಿದರು. ನನ್ನ ಗಂಡ ಇದನ್ನು ಒಪ್ಪಲಿಲ್ಲ. "ಇಲ್ಲಿ ನಾನು ಬೇಕಾದಾಗ ಹೊಂಟೋಗ್ಬೋದು" ಎನ್ನುತ್ತಿದ್ದರು. ಹಾಗೆ ಹೇಳಿ ಹೊರಡಲು ನೋಡಿದರೆ ಬ್ಯಾಟರಿ ಇಳಿದಿರುತ್ತಿತ್ತು. ಊರಿನವರನ್ನು ಕರೆದು ತಳ್ಳಿಸಿಕೊಂಡು ನಮ್ಮ ಸ್ವಾತಂತ್ರ್ಯ ಮುಂದಕ್ಕೆ ಹೊರಡುತ್ತಿತ್ತು.

ಬಸ್ಸಿನಲ್ಲಿರುವವರಿಗೆ ಇನ್ನೊಂದು ತೊಂದರೆಯಿದೆ. ಜನ ಹತ್ತಿಬಿಡುತ್ತಾರೆ. ಶಿರಾದಲ್ಲಿ ಒಂದು ಬೆಳಿಗ್ಗೆ ನಾನು ಹಿಂದುಗಡೆ ಪಾತ್ರೆ ಬೆಳಗಿ ಬರುವಷ್ಟರಲ್ಲಿ ಒಬ್ಬ ಮುದುಕ, ಅವನ ಹೆಂಡತಿ ನನ್ನ ಮಂಚದ ಮೇಲೆ ಗಂಟಿಟ್ಟುಕೊಂಡು ಕೂತಿದ್ದರು. ಮುದುಕಿ ನನ್ನನ್ನು ನೋಡಿ, "ತುಮ್ಕೂರ್ ಜಾತೀ ಕ್ಯಾ ಬಸ್?" ಎಂದಳು.

"ಇದು ಬಸ್ಸಲ್ಲಮ್ಮ, ಮನೆ" ಎಂದೆ.

ಮುದುಕ ಸುತ್ತ ಒಮ್ಮೆ ನೋಡಿದ. ಒಲೆ, ಬೆಲ್ಲದ ಡಬ್ಬಿ, ಹಗ್ಗದ ಮೇಲಿನ ನನ್ನ ಸೀರೆ ಎಲ್ಲ ಅವನ ಕಣ್ಣಿಗೆ ಬಿತ್ತು. ಬಹಳ ವಿನಯದಿಂದ, "ಆಯ್ತು ಬೇಟಿ, ಮನೇನೇ. ಯಾವಾಗ ಬಿಡ್ತಾರೆ?" ಎಂದ.

ಅವರಿಗೆ ಕಾಫಿ ಕೊಟ್ಟು ನಿಜವಾದ ಬಸ್ಸು ಬರುವವರೆಗೆ ಕೂರಿಸಿಕೊಂಡೆ. ಬಸ್ಸು ಬಂದಾಗ ಅದರ ನೂಕುನುಗ್ಗಲು ನೋಡಿ ಮುದುಕಿ, ನಮ್ಮದೇ ವಾಸಿಯಾಗಿತ್ತು ಎಂದು ಹೇಳಿ ಹೋದಳು. ಆಮೇಲೆ ನಾನು ಫುಟ್‌ಬೋರ್ಡಿನ ಮೇಲೆ ಎಣ್ಣೆ ಡಬ್ಬದಲ್ಲಿ ಒಂದು ತುಳಸಿ ನೆಟ್ಟೆ. ತುಳಸಿ ದಾಟಿಕೊಂಡು ಯಾರೂ ಟಿಕೆಟ್ ಕೇಳುವುದಿಲ್ಲ ಎಂದುಕೊಂಡಿದ್ದೆ.

ತುಳಸಿಯ ನಿಜವಾದ ಉಪಯೋಗ ಕೊಡಿಗೇನಹಳ್ಳಿಯಲ್ಲಿ ಆಯಿತು. ಅಲ್ಲಿ ಮೋಟಾರುಗಳು ಒಂದರ ಹಿಂದೆ ಒಂದು ಸುಡುತ್ತಿದ್ದುದರಿಂದ ನಾವು ಕೆರೆ ಏರಿಯ ಕೆಳಗೆ ಬಹಳ ದಿನ ನಿಂತೆವು. ಪಂಚಾಯ್ತಿಯ ಬಿಲ್ ಕಲೆಕ್ಟರ್ ಬಂದು, ಇಲ್ಲಿ ಒಲೆ ಉರಿಯುತ್ತಿದೆ, ಸಂಸಾರ ನಡೆಯುತ್ತಿದೆ, ಆದ್ದರಿಂದ ಮನೆ ಕಂದಾಯ ಕಟ್ಟಿ ಎಂದ. ನನ್ನ ಗಂಡ ಸೀಟಿಗೆ ಹೋಗಿ ಇಂಜಿನ್ ಚಾಲೂ ಮಾಡಿದರು. ಹೊಗೆಯಲ್ಲಿ ಬಿಲ್ ಕಲೆಕ್ಟರ್ ಕಾಣದಾದ. ಹೊಗೆ ಕರಗಿದ ಮೇಲೆ, "ಇದು ಗಾಡಿ ಸ್ವಾಮಿ. ಮನೆ ಎಲ್ಲಾದ್ರೂ ಅಲ್ಲಾಡ್ತೈತಾ?" ಎಂದರು.

ಅದಾದ ಕೆಲವು ದಿನಕ್ಕೆ ಬ್ರೇಕ್ ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದರು. ಪರ್ಮಿಟ್ ಇಲ್ಲದ ಬಸ್ಸು ರಸ್ತೆ ಬದಿಯಲ್ಲಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ನನ್ನ ಗಂಡ ನನಗೆ ಕಣ್ಸನ್ನೆ ಮಾಡಿದರು. ನಾನು ತಲೆಯ ಮೇಲೆ ಸೆರಗು ಹೊದ್ದು ತುಳಸಿಗೆ ನೀರು ಹಾಕಿ ಪ್ರದಕ್ಷಿಣೆ ಬರಲು ಶುರುಮಾಡಿದೆ. ತುಳಸಿ ಫುಟ್‌ಬೋರ್ಡಿನ ಮೇಲಿದ್ದುದರಿಂದ ಪ್ರದಕ್ಷಿಣೆಗೆ ಇಡೀ ಬಸ್ಸನ್ನೇ ಸುತ್ತಬೇಕಾಯಿತು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ನಿಂತರು. "ಸಂಸಾರಸ್ಥರ ಮನೆ ಸಾರ್ ಇದು" ಎಂದು ನನ್ನ ಗಂಡ ಕೈಮುಗಿದರು.

ಹೀಗೆ ಕೆಲವು ಕಾಲ ಸುಖವಾಗಿ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಬಂದುಬಿಟ್ಟರು. ಇಂಜಿನ್ ಚಾಲೂ ಮಾಡುವುದೋ ತುಳಸಿ ಸುತ್ತುವುದೋ ನಮಗೆ ತೋಚಲಿಲ್ಲ. ನಾನು ಕಾಫಿಗಿಟ್ಟೆ. ಬಿಲ್ ಕಲೆಕ್ಟರ್ ಲೋಟ ಎತ್ತಿ, "ನೋಡಿ ಸಾರ್, ಕಾಫಿ ಕೊಡ್ತಾವ್ರೆ. ಗಾಡಿ ಕಾಫಿ ಕೊಡ್ತದಾ? ಇದು ಮನೇನೇಯ" ಎಂದ. ಇನ್ಸ್‌ಪೆಕ್ಟರಿಗೆ ಪಂಚಾಯ್ತಿಯವನು ತಮಗೆ ಕಾನೂನು ಹೇಳಿದ್ದು ಹಿಡಿಸಲಿಲ್ಲ. "ಚಕ್ರ ಇರೋದೆಲ್ಲ ನನ್ನ ಇಲಾಖೇದು. ನಿನಗೆ ಬೇಕಾದ್ರೆ ಚಕ್ರದ ಮೇಲಿನ ಗಾಳಿಗೆ ಕಂದಾಯ ಹಾಕ್ಕೋ" ಎಂದರು. ನಮ್ಮ ಬಸ್ಸಿನಲ್ಲೇ ಕೂತು, ನಮ್ಮ ಮಂಡಕ್ಕಿ ತಿನ್ನುತ್ತ ಬಹಳ ಹೊತ್ತು ವಾದ ಮಾಡಿದರು. ನನ್ನ ಗಂಡನಿಗೆ ಅವರು ಹೊಡೆದಾಡಬಹುದೆಂಬ ಆಸೆಯಿತ್ತು. ಆದರೆ ಇಬ್ಬರೂ ಸರ್ಕಾರಿ ಸಂಬಳದವರು, ರಾಜಿಯಾದರು. ನಿಂತಾಗ ಮನೆ, ಹೊರಟಾಗ ಗಾಡಿ, ಎರಡನ್ನೂ ಕಟ್ಟತಕ್ಕದ್ದು.

ಇಷ್ಟು ಕಂದಾಯ ಕಟ್ಟಿದರೂ ರೇಷನ್ನಿನ ಸಕ್ಕರೆ ಕಾರ್ಡು ಕೇಳಲು ಹೋದರೆ ಮಧುಗಿರಿಯವರು ನೀವು ಶಿರಾದವರು ಎಂದರು, ಶಿರಾದವರು ಪಾವಗಡಕ್ಕೆ ಕಳಿಸಿದರು. ಚುನಾವಣೆ ಬಂದಾಗ ಮಾತ್ರ ನಾಲ್ಕೂ ಕಡೆಯ ಅಭ್ಯರ್ಥಿಗಳ ಕಡೆಯವರು ಬಂದು, ನೀವು ನಮ್ಮೂರಿನವರೇ ಅಲ್ಲವೇ ಎಂದು ನನ್ನ ಕೈಗೆ ಕುಂಕುಮ ಕೊಟ್ಟು ಹೋದರು.

ನನ್ನ ಅತ್ತೆ ಬಂದದ್ದು ನಾವು ಕೊಡಿಗೇನಹಳ್ಳಿಯಲ್ಲಿ ನಿಂತಿದ್ದ ಅದೇ ಕಾಲದಲ್ಲಿ. ಅವರು ಕೊರಟಗೆರೆಯ ಹತ್ತಿರದ ಹಳ್ಳಿಯಲ್ಲಿ ಹಿರಿಯ ಮಗನ ಜೊತೆಗಿದ್ದರು. ಕಿರಿಯ ಮಗ ಬೀದಿಗೆ ಬಿದ್ದಿದ್ದಾನೆ ಎಂದು ಊರವರು ಹೇಳಿದ್ದನ್ನು ಕೇಳಿ, ಎರಡು ದಿನ ಇದ್ದು ಬುದ್ಧಿ ಹೇಳಿ ಹೋಗಲು ಬಂದಿದ್ದರು. ಬಸ್ಸಿನ ಬಾಗಿಲಲ್ಲಿ ನಿಂತು ಮೇಲೂ ಕೆಳಗೂ ನೋಡಿದರು.

"ಲೇ ಮಗ, ಹೊಸ್ತಿಲೆಲ್ಲಿ?"

"ಬಸ್ಸಿಗೆ ಹೊಸ್ತಿಲು ಇರಾಕಿಲ್ಲ ಕಣವ್ವ."

"ಹೊಸ್ತಿಲಿಲ್ಲದ ಮನೇಲಿ ಅನ್ನ ತಿಂದ್ರೆ ಮೈಗೆ ಹತ್ತೈತಾ? ನಾ ಒಳೀಕೆ ಬರಾಕಿಲ್ಲ."

ಅವರು ಕೆರೆ ಏರಿಯ ಮೇಲೆ ಗಂಟಿಟ್ಟುಕೊಂಡು ಕೂತರು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಹೋಗಿ ಬರುವವರಿಗೆಲ್ಲ ಮಗ ಹೊಸ್ತಿಲಿಲ್ಲದ ಮನೆ ಮಾಡಿದ್ದಾನೆಂದು ತಿಳಿಸಿದರು. ಸಂಜೆಯ ಹೊತ್ತಿಗೆ ಊರವರು ಬಂದು ನನ್ನ ಗಂಡನಿಗೆ ನ್ಯಾಯ ಹೇಳತೊಡಗಿದರು. ಮಾರನೆಯ ದಿನ ಬಡಗಿ ಬಂದು ಬೇವಿನ ಮರದ ಒಂದು ತುಂಡನ್ನು ಫುಟ್‌ಬೋರ್ಡಿನ ಮೇಲಿನ ಮೆಟ್ಟಿಲಿಗೆ ಅಡ್ಡಡ್ಡ ಬೋಲ್ಟು ಹಾಕಿ ಕೂರಿಸಿದ. ಅತ್ತೆ ಅದಕ್ಕೆ ಅರಿಸಿನ ಬಳಿದು, ಕುಂಕುಮವಿಟ್ಟು, ಬಲಗಾಲಿಟ್ಟು ಒಳಗೆ ಬಂದರು. ಹಿಂದೆಯೇ ಬಂದ ನನ್ನ ಗಂಡ ಅದನ್ನು ಎಡವಿ ಬಿದ್ದರು. ಆಮೇಲೆ ನಮ್ಮ ಮನೆಗೆ ಬಂದವರೆಲ್ಲ ಅದನ್ನು ಎಡವಿಯೇ ಬಂದರು, ಬಿಲ್ ಕಲೆಕ್ಟರ್ ಸಹಿತ. ಅತ್ತೆಗೆ ಅದರಿಂದ ಬಹಳ ತೃಪ್ತಿಯಾಗಿತ್ತು.

ಎರಡು ದಿನಕ್ಕೆಂದು ಬಂದವರು ಮೂರನೆಯ ದಿನ ಕಿಟಕಿಯ ಪಕ್ಕದ ಸೀಟನ್ನು ಕಂಡುಹಿಡಿದರು. ಹುಟ್ಟಿದ ಊರು, ಕೊಟ್ಟ ಊರು ಬಿಟ್ಟು ಅವರು ಜಾಸ್ತಿ ಎಲ್ಲೂ ಹೋದವರಲ್ಲ. ಗಾಡಿ ಶಿರಾದ ಕಡೆ ಹೊರಟಾಗ ಹೊಲ, ಬೇಲಿ, ಬೆಟ್ಟ ಎಲ್ಲ ತಮ್ಮ ಮುಂದೆ ಸಾಲಾಗಿ ಹೋಗುವುದನ್ನು ಕಿಟಕಿಯ ಸರಳು ಹಿಡಿದು ನೋಡಿದರು. ಇಳಿದ ಮೇಲೆ ನನ್ನನ್ನು ಕರೆದು, "ಇಷ್ಟು ದಿನ ನನ್ನ ಯಾಕಮ್ಮಿ ಕರೀಲಿಲ್ಲ?" ಎಂದರು. ಅವರಿಗೆ ಕಣ್ಣು ತುಂಬಿತ್ತು. ನನಗೂ ಒಂದು ಗಳಿಗೆ ಹಾಗೇ ಆಯಿತು. ಮುಂದೆ ಏನಾಗುವುದೆಂದು ಗೊತ್ತಿದ್ದರೆ ಆಗುತ್ತಿರಲಿಲ್ಲ.

ಮುಂದೆ ಆದದ್ದೇನೆಂದರೆ, ಅತ್ತೆ ನೆಂಟರ ಮನೆಗಳಿಗೆ ಹೊರಟರು. ನಾಲ್ಕು ತಾಲ್ಲೂಕಿನಲ್ಲಿ ಅವರಿಗೆ ತಿಳಿದಿದ್ದ ಬಳಗವೆಲ್ಲ ನೆನಪಾಯಿತು. ಅವರ ಅಣ್ಣ, ಅಣ್ಣನ ಬೀಗರು, ಯಾವುದೋ ಮದುವೆಯಲ್ಲಿ ಬಳೆ ತೊಡಿಸಿದವರು. ಎಲ್ಲರೂ ಎಷ್ಟೋ ವರ್ಷದಿಂದ, ನೀನು ನಮ್ಮ ಮನೆಗೆ ಬರುವುದೇ ಇಲ್ಲ ಎಂದು ಆಕ್ಷೇಪಿಸಿದವರೇ. ಈಗ ಅತ್ತೆ ಬಂದರು, ಮನೆ ಸಮೇತ ಬಂದರು. ಗಂಟು ಹೊತ್ತು ಬಂದ ನೆಂಟರಿಗೆ ಯಾವಾಗ ಹೊರಡುತ್ತೀರಿ ಎಂದು ಸೂಚಿಸುವ ದಾರಿಗಳು ಎಲ್ಲ ಮನೆಯಲ್ಲೂ ಇರುತ್ತವೆ. ಮನೆಯನ್ನೇ ತಂದು ಅಂಗಳದಲ್ಲಿ ನಿಲ್ಲಿಸಿಕೊಂಡವರಿಗೆ ಯಾವ ದಾರಿಯೂ ಇಲ್ಲ. ಶಿರಾ ಕಡೆಯ ಹಳ್ಳಿಯಲ್ಲಿ ಒಬ್ಬ ನೆಂಟರು ತಿರುವಿನಲ್ಲಿ ನಮ್ಮ ಹಾರನ್ ಕೇಳಿದ್ದೇ ಬೀಗ ಹಾಕಿಕೊಂಡು ಹೊಲಕ್ಕೆ ಹೋದರು. ಅತ್ತೆ ಅವರ ಬಾಗಿಲಿಗೆ ಸರಿಯಾಗಿ ಗಾಡಿ ನಿಲ್ಲಿಸಲು ಹೇಳಿದರು.

"ಬರ್ಲಿ ಬುಡು, ನಿಧಾನುಕ್ಕೆ ಬರ್ಲಿ. ನಮಗೇನು ಅವಸರ? ನಾವು ನಮ್ಮ ಮನೇಲೇ ಇದೀವಿ."

ಆ ನೆಂಟರು ಹೊಲದಲ್ಲಿ ಒಂದು ಹಗಲು ತಡೆದರು. ಹಸಿವಾಗಿ ಬಂದರು. ಅತ್ತೆ ಅವರಿಗೇ ಊಟ ಬಡಿಸಿದರು.

ಯಾರ ಮಾತನ್ನೂ ಕೇಳಬಾರದೆಂದು ಬಸ್ಸು ಕೊಂಡ ನನ್ನ ಗಂಡ ಈಗ ಬೆಳಿಗ್ಗೆ ಎದ್ದು, "ಅವ್ವಾ, ಇವತ್ತು ಯಾವ ಕಡೆ?" ಎಂದು ಕೇಳುವಂತಾಯಿತು. ಅವರ ಕಸುಬೂ ಅತ್ತೆಯ ಬಳಗವಿದ್ದ ಕಡೆಗೇ ಹೊರಳಿತು. ನಾನು ನಕ್ಕರೆ ಅವರಿಗೆ ಸಿಟ್ಟು ಬರುತ್ತಿತ್ತು. ಆದ್ದರಿಂದ ನಾನು ಮುಖ ತಿರುಗಿಸಿಕೊಂಡು ನಗುತ್ತಿದ್ದೆ.

ಇದೆಲ್ಲ ನಿಂತದ್ದು ಮಿಡಿಗೇಶಿ ದಾಟಿ ಪಾವಗಡದ ಕಡೆ ಹೋಗುವ ರಸ್ತೆಯಲ್ಲಿ. ಒಂದು ಏರು ಹತ್ತುತ್ತಿದ್ದ ಬಸ್ಸು ಕಟಕಟ ಸದ್ದು ಮಾಡಿ ನಿಂತಿತು. ನನ್ನ ಗಂಡ ಇಂಜಿನ್ ಬಿಚ್ಚಿದರು, ಜೋಡಿಸಿದರು. ಮತ್ತೆ ಬಿಚ್ಚಿದರು. ಸುತ್ತಮುತ್ತಲ ಮೋಟಾರುಗಳೆಲ್ಲ ಅವರ ಕೈ ಸೋಕಿದರೆ ಓಡುತ್ತಿದ್ದವು. ಸ್ವಂತ ಗಾಡಿ ಮಾತ್ರ ಓಡಲಿಲ್ಲ. ಇನ್ನೊಬ್ಬ ಮೆಕ್ಯಾನಿಕ್ಕನ್ನು ಕರೆಸೋಣ ಎಂದರೆ ಕೇಳಲಿಲ್ಲ.

"ಕೆಟ್ಟಿಲ್ಲ ಕಣೆ. ರೆಸ್ಟ್ ತಗೊಂತೈತೆ."

ರೆಸ್ಟು ಒಂದು ಮಳೆಗಾಲ ದಾಟಿತು. ಚಕ್ರಗಳು ಮಣ್ಣಿಗೆ ಇಳಿದವು. ಆ ನೆಲ ಒಬ್ಬ ಕುರಿ ಮಂದೆಯ ಯಜಮಾನನದು. ಅವನು ವರ್ಷದ ಅರ್ಧ ಭಾಗ ಕುರಿ ಹೊಡೆದುಕೊಂಡು ಊರೂರು ತಿರುಗುವವನಾದ್ದರಿಂದ, ನಮ್ಮನ್ನು ನೋಡಿ ಆಶ್ಚರ್ಯಪಡದ ಮೊದಲ ಮನುಷ್ಯ. "ಇರ್ರಿ, ಯಾರ್ ಬ್ಯಾಡ ಅಂದೋರು. ಬಿಸ್ಲಾಗೆ ಮರಿಗಳ್ನ ನಿಮ್ಮ ಬಸ್ಸಿನ ಕೆಳಗೆ ಬುಟ್ಕಂತೀನಿ ಅಷ್ಟೆ" ಎಂದ. ಬಿಸಿಲು ಏರಿದರೆ ನಮ್ಮ ಮಂಚದ ಕೆಳಗಿನಿಂದ ಕುರಿಮರಿಗಳ ಸದ್ದು ಬರುತ್ತಿತ್ತು. ಅತ್ತೆ ಅವಕ್ಕೂ ಒಂದೊಂದು ಹೆಸರಿಟ್ಟರು, ಬಹುಪಾಲು ನೆಂಟರ ಹೆಸರುಗಳನ್ನೇ.

ಸುತ್ತಲಿನ ರೈತರು ಸುಟ್ಟ ಮೋಟಾರುಗಳನ್ನು ಎತ್ತಿನ ಗಾಡಿ ಕಟ್ಟಿಕೊಂಡು ಅಲ್ಲಿಗೇ ತರತೊಡಗಿದರು. ಮನೆ ಕೆಲಸದ ಹತ್ತಿರ ಹೋಗುವ ಬದಲು ಕೆಲಸವೇ ಮನೆಯ ಹತ್ತಿರ ಬಂದಿತು. ನನ್ನ ಗಂಡ ಬಸ್ಸನ್ನು ಹೊರಡಿಸುವ ಮಾತು ಆಡುತ್ತಲೇ ಇದ್ದರು, ಆದರೆ ಇಂಜಿನ್ನಿನ ಮುಚ್ಚಳ ತೆಗೆಯುವುದನ್ನು ನಿಲ್ಲಿಸಿದರು.

ಅಷ್ಟರಲ್ಲಿ ಅತ್ತೆಯ ಮಂಡಿ ಸೋತಿತು. ಒಂದು ದಿನ ಹತ್ತುವಾಗ ಜಾರಿ ನೆಲಕ್ಕೆ ಕೂತುಬಿಟ್ಟರು. ಪೆಟ್ಟಾಗಿರಲಿಲ್ಲ, ಅವಮಾನವಾಗಿತ್ತು. "ನನ್ನ ಮನೆಗೆ ನನ್ನ ಎತ್ತಿ ಹಾಕ್ಬೇಕಾ? ನೆಲದ್ ಮ್ಯಾಲೆ ಒಂದು ಗೂಡು ಕಟ್ಸಲಾ" ಎಂದರು. ನನ್ನ ಗಂಡ ಆ ದಿನವೆಲ್ಲ ಡ್ರೈವರ್ ಸೀಟಿನಲ್ಲೇ ಕೂತಿದ್ದರು. ಮರುದಿನ ಕುರಿಯ ಯಜಮಾನನನ್ನು ಕಂಡು ನೆಲದ ಮಾತಾಡಿ ಬಂದರು.

ಗೋಡೆ ಏಳುವಾಗ ಗಾರೆಯವನಿಗೆ ಅವರೇ ನಿಂತು ಹೇಳಿದರು. ಮನೆ ಉದ್ದಕ್ಕೆ ಇರಬೇಕು, ಅಗಲ ಬೇಡ. ಎರಡೂ ಕಡೆ ಕಿಟಕಿಗಳು ಸಾಲಾಗಿರಬೇಕು. ಬಾಗಿಲು ಮುಂದಿನ ಎಡ ಮೂಲೆಯಲ್ಲಿರಬೇಕು. ಗಾರೆಯವನು ಎಲ್ಲಕ್ಕೂ ಹೂಂ ಎನ್ನುತ್ತ ಕಟ್ಟಿ, ಕೊನೆಗೆ ಕರಣಿ ಕೆಳಗಿಟ್ಟು, "ಸ್ವಾಮಿ, ಡ್ರೈವರ್ ಸೀಟು ಎಲ್ಲಿ ಬುಡ್ಲಿ?" ಎಂದ.

ಆ ಮನೆಗೆ ಹೋದ ದಿನ ನಾನು ಗುಡಾಣಕ್ಕೆ ಕಂಠದವರೆಗೆ ನೀರು ತುಂಬಿಸಿಟ್ಟೆ. ಬಸ್ಸಿನಲ್ಲಿ ಯಾವ ಪಾತ್ರೆಯನ್ನೂ ಮುಕ್ಕಾಲಿಗಿಂತ ಮೇಲೆ ತುಂಬಿ ಗೊತ್ತಿರಲಿಲ್ಲ. ನೀರು ಅಲುಗಾಡದೆ ನಿಂತದ್ದನ್ನು ಎಷ್ಟೋ ಹೊತ್ತು ನೋಡಿದೆ. ನನ್ನ ಗಂಡ ಬಸ್ಸನ್ನು ಅಂಗಡಿ ಮಾಡಿಕೊಂಡು ಹಗಲೆಲ್ಲ ಅದರಲ್ಲೇ ಇರುತ್ತಿದ್ದರು. ಮನೆಗೆ ಬನ್ನಿ ಎಂದು ಕರೆದರೆ ಕೇಳದವರಂತೆ ಇದ್ದು, ಊಟಕ್ಕೆ ಬನ್ನಿ ಎಂದರೆ ಮಾತ್ರ ಬರುತ್ತಿದ್ದರು.

ಕಷ್ಟವಾದದ್ದು ಅತ್ತೆಗೆ. ಗೋಡೆಯ ಕಿಟಕಿಯಲ್ಲಿ ದಿನವೂ ಅದೇ ಗುಡ್ಡ, ಅದೇ ಜಾಲಿ. ಅವರು ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಮಂಚ ಹಾಕಿಸಿಕೊಂಡರು. ಬಸ್ಸು ಬಂದರೆ ಕೈ ಎತ್ತುವರು. ಡ್ರೈವರ್ ಯಾರೋ ಹತ್ತುತ್ತಾರೆಂದು ನಿಲ್ಲಿಸುವನು. ಅತ್ತೆ ಕಿಟಕಿಯ ಹತ್ತಿರ ನಡೆದು, "ಎಲ್ಲಿಗಮ್ಮ ಹೊಂಟಿ? ಮಗೀಗೆ ಮೈ ಸುಡ್ತಾ ಐತಾ?" ಎಂದು ಒಳಗಿದ್ದವರನ್ನು ವಿಚಾರಿಸುವರು.

"ಅಜ್ಜೀ, ಹತ್ತಂಗಿದ್ರೆ ಹತ್ತು" ಎಂದು ಕಂಡಕ್ಟರ್ ರೇಗುವನು.

"ನಾ ಯಾಕಪ್ಪ ಹತ್ಲಿ? ನೋಡ್ಕಂಡು ಹೋಗಾನ ಅಂತ ಬಂದೆ."

ಹೇಗಿದ್ದರೂ ನಿಲ್ಲುತ್ತದೆಂದು ಸುತ್ತಲಿನ ಹಳ್ಳಿಯವರು ಅಲ್ಲಿಗೇ ಬಂದು ಹತ್ತತೊಡಗಿದರು. ಒಂದು ಟೀ ಅಂಗಡಿ ಬಂತು. ಕಂಡಕ್ಟರುಗಳು 'ಅಜ್ಜಿ ಸ್ಟಾಪ್' ಎಂದು ಕೂಗಿ ಇಳಿಸುವುದು ರೂಢಿಯಾಯಿತು. ಪಾವಗಡದ ಎಕ್ಸ್‌ಪ್ರೆಸ್ ಒಂದು ಮಾತ್ರ ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತಿತ್ತು. ಅತ್ತೆ ಅದನ್ನು ಮನೆತನಕ್ಕೆ ಮಾಡಿದ ಅವಮಾನವೆಂದೇ ತಿಳಿದರು. ಮಗನನ್ನು ಡಿಪೋಗೆ ಕಳಿಸಿದರು. ಅಲ್ಲಿನವರು ಎಕ್ಸ್‌ಪ್ರೆಸ್ ಎಂದರೆ ಏನೆಂದು ಅವರಿಗೆ ತಿಳಿಸಿ ಹೇಳಿ ಕಳಿಸಿದರು. ಅತ್ತೆಗೆ ಆ ವಿವರಣೆ ಸಾಲದಾಯಿತು.

"ಎಸ್ಪ್ರೆಸ್ ಆದ್ರೆ ಏನ್ಲಾ? ಅದ್ರಾಗೆ ಕುಂತೋರ್ಗೆ ಬಾಯಾರಾಕಿಲ್ವಾ?"

ಒಂದು ಬೇಸಿಗೆಯ ಮಧ್ಯಾಹ್ನ ಆ ಎಕ್ಸ್‌ಪ್ರೆಸ್ಸಿನ ಹಿಂದಿನ ಚಕ್ರ ಸರಿಯಾಗಿ ಹೊಂಗೆ ಮರದ ಎದುರಿಗೇ ಸಿಡಿಯಿತು. ಜನವೆಲ್ಲ ಇಳಿದು ನೆರಳಿಗೆ ಬಂದರು. ಅತ್ತೆ ಮಂಚದಿಂದ ಎದ್ದು, ನನ್ನ ಕೈಯಲ್ಲಿ ದೊಡ್ಡ ಪಾತ್ರೆಯ ತುಂಬ ಮಜ್ಜಿಗೆ ಮಾಡಿಸಿದರು. ಕೊತ್ತಂಬರಿ ಕಮ್ಮಿಯಾಯಿತೆಂದು ಮತ್ತೆ ಒಳಗೆ ಕಳಿಸಿದರು. ಮಂಡಿ ನೋವನ್ನು ಮರೆತು ತಾವೇ ಒಬ್ಬೊಬ್ಬರ ಹತ್ತಿರ ಹೋಗಿ ಲೋಟ ಕೊಟ್ಟರು, ಯಾವ ಊರು, ಯಾರ ಮನೆ ಎಂದು ಕೇಳಿದರು. ನನ್ನ ಗಂಡ ನಮ್ಮ ಬಸ್ಸಿನಿಂದ ಇಳಿದು ಜ್ಯಾಕು ಹಿಡಿದುಕೊಂಡು ಹೋದರು. ಡ್ರೈವರ್ ಎರಡು ಲೋಟ ಕುಡಿದು, ಮೀಸೆ ಒರೆಸಿಕೊಂಡು, "ಬರ್ತೀನಜ್ಜಿ" ಎಂದ.

"ಹೂಂ ಕಣಪ್ಪ" ಎಂದರು ಅತ್ತೆ. "ನಾಳೀಕೂ ಇಷ್ಟೊತ್ತಿಗೇ ಬಾ."